ಖಾರಾ ಬಿಸ್ಕತ್ತಿನ ‘ಅಮೋನಿಯ’: ಪುಡಿ ಚೆನ್ನ, ಬಿಡಿ ಕವರು ಬೇಡ

ಹಾಸನದಲ್ಲಿ ಬೇಕರಿ ಸಾಮಾನು ಮಾರುವ ಕಡೆ ‘ಅಮೋನಿಯ’ ಅಂದರೆ ಸಾಕು, ಬಿಸ್ಕತ್ತು ಉಬ್ಬಿಸುವ ಬಿಳಿ ಹರಳುಪುಡಿ ತೂಗಿ ಕೊಡುತ್ತಾರೆ. ಅಮೋನಿಯಂ ಬೈಕಾರ್ಬೊನೇಟ್, ಲೇಬಲ್ಲಿನಲ್ಲಿ ಐಎನ್‌ಎಸ್ 503 (ಆಹಾರಕ್ಕೆ ಬೆರೆಸುವ ವಸ್ತುಗಳ ಅಂತರರಾಷ್ಟ್ರೀಯ ಸಂಖ್ಯೆ). ಅಯ್ಯಂಗಾರ್ ಬೇಕರಿಗಳ ಬೇರಿರುವ ಜಿಲ್ಲೆಯಲ್ಲಿ ಇದರ ಪರಿಚಯ ಹೇಳಬೇಕಿಲ್ಲ, ಆದರೆ ಮನೆಗೆ ಒಯ್ಯುವವರು ಹೆಚ್ಚಾಗಿ ಎಡವುವುದು ಕೊಳ್ಳುವಾಗಲೇ.

ಬಿಡಿ ಕವರಿನಲ್ಲಿ ಕಟ್ಟಿಕೊಟ್ಟ ಮಾಲು ಕೋಣೆಯ ಬಿಸಿಗೇ ಮೆಲ್ಲಗೆ ಆವಿಯಾಗುತ್ತದೆ. ಮಳೆಗಾಲದಲ್ಲಂತೂ ಗಟ್ಟಿಯಾಗಿ ಕಲ್ಲುಸಕ್ಕರೆಯಂತಾಗುತ್ತದೆ. ಪರೀಕ್ಷೆ ಸುಲಭ: ಒಂದು ಚಿಟಿಕೆ ಕಾದ ತವಾದ ಮೇಲೆ ಹಾಕಿ (ಮುಖ ದೂರವಿರಲಿ, ಕಿಟಕಿ ತೆರೆದಿರಲಿ). ಶುದ್ಧವಾಗಿದ್ದರೆ ಅಮೋನಿಯ ಅನಿಲ, ಇಂಗಾಲದ ಡೈಆಕ್ಸೈಡ್, ನೀರಾವಿಯಾಗಿ ಪೂರ್ತಿ ಮಾಯ. ಬಿಳಿ ಪುಡಿ ಉಳಿದರೆ ಸೋಡಾನೋ ಇನ್ನೇನೋ ಬೆರೆತಿದೆ. ಸೀಲ್ ಮಾಡಿದ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ ಇರುವ ಪ್ಯಾಕೆಟ್ಟೇ ಕೇಳಿ.

ಕೆಲಸದಲ್ಲಿ ಮಾತ್ರ ಇದಕ್ಕೆ ಸಾಟಿ ಇಲ್ಲ. ಹುಳಿಯ ಹಂಗಿಲ್ಲದೆ ಉಬ್ಬಿಸುತ್ತದೆ, ಸೋಡಾ ಹೆಚ್ಚಾದಾಗ ಬರುವ ಸೋಪಿನ ರುಚಿಯೂ ಇಲ್ಲ. 1 ಕೆಜಿ ಮೈದಾಕ್ಕೆ 8ರಿಂದ 10 ಗ್ರಾಂ ಸಾಕು. 50 ಮಿಲಿ ತಣ್ಣೀರಿನಲ್ಲಿ ಪೂರ್ತಿ ಕರಗಿಸಿಯೇ ಹಾಕಿ. ಬಿಸಿನೀರಿಗೆ ಹಾಕಿದರೆ ಗ್ಯಾಸು ಬಟ್ಟಲಲ್ಲೇ ಹೋಯಿತು. ಹರಳು ಕರಗದೆ ಉಳಿದರೆ ಬಿಸ್ಕತ್ತಿನ ಮೈಮೇಲೆ ಗುಳಿ. ಪ್ರಮಾಣ ಮೀರಿದರೆ ಬಿಸ್ಕತ್ತು ಹರಡಿ, ಮುಟ್ಟಿದರೆ ಪುಡಿ. ಹಸಿ ಹಿಟ್ಟಿನ ರುಚಿ ನೋಡಬೇಡಿ.

5 ಮಿಮೀ ದಪ್ಪಕ್ಕೆ ಲಟ್ಟಿಸಿ, 170 ಡಿಗ್ರಿಯಲ್ಲಿ ಸುಮಾರು 18 ನಿಮಿಷ. ಓವನ್ ಬಾಗಿಲು ತೆರೆದಾಗ ಕಣ್ಣು ಉರಿಸುವ ಘಾಟು ಸಹಜ, ಒಂದು ಹೆಜ್ಜೆ ಹಿಂದೆ ನಿಲ್ಲಿ. ಆರಿದ ಮೇಲೆ ಮುರಿದು ಮೂಸಿ: ಇನ್ನೂ ಘಾಟಿದ್ದರೆ ಒಳಗೆ ತೇವ ಉಳಿದಿದೆ, 120 ಡಿಗ್ರಿಯಲ್ಲಿ ಮತ್ತೆ 10 ನಿಮಿಷ ಒಣಗಿಸಿ. ಕೇಕಿಗೆ, ಬನ್ನಿಗೆ ಇದು ಬೇಡವೇ ಬೇಡ. ಆ ದಪ್ಪ ತೇವದಲ್ಲಿ ಅಮೋನಿಯ ಅನಿಲ ಕರಗಿ ಒಳಗೇ ಕೂರುತ್ತದೆ.

ಇನ್ನೊಂದು ದೂರು ಪುಡಿಯ ಗುಣದ್ದೇ. ಬೇಯುವಾಗ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುವುದನ್ನು ಇದು ಹೆಚ್ಚಿಸುತ್ತದೆ. ಅದು ತಗ್ಗಲು, ಮೊಸರು ಹಾಕಿದ ಖಾರಾ ಬಿಸ್ಕತ್ತಾದರೆ 1 ಕೆಜಿ ಮೈದಾಕ್ಕೆ 5 ಗ್ರಾಂ ಅಮೋನಿಯ, 4 ಗ್ರಾಂ ಅಡುಗೆ ಸೋಡಾ ಹಾಕಿ, ಕಂದು ತಿರುಗುವ ಮೊದಲೇ ಇಳಿಸಿ. ಗರಿಗರಿ ಕೊಂಚ ತಗ್ಗುತ್ತದೆ, ನಷ್ಟವೇನಿಲ್ಲ.

ಮನೆಗೆ 50 ಗ್ರಾಂ ಸಾಕು. ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ, ಒಲೆಯಿಂದ ದೂರ ಇಡಿ.