ಹುಬ್ಬಳ್ಳಿಯ ಲ್ಯಾಬಿನಲ್ಲಿ ರೋಟಾವೈರಸ್ ಪರೀಕ್ಷೆ: ಕಾರ್ಡು ಸಾಕು, ಪ್ಯಾನಲ್ ಬೇಡ

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಖಾಸಗಿ ಲ್ಯಾಬೊಂದು ಮಕ್ಕಳ ವಾಂತಿ-ಭೇದಿಗೆ ಎರಡು ಬಗೆಯ ಮಲಪರೀಕ್ಷೆ ಮಾಡಿಕೊಡುತ್ತದೆ. ಒಂದು, ಅರ್ಧ ಗಂಟೆಯೊಳಗೆ ಉತ್ತರ ಹೇಳುವ ರೋಟಾವೈರಸ್ ಕಾರ್ಡು. ಇನ್ನೊಂದು, ಹಲವು ರೋಗಾಣುಗಳನ್ನು ಒಂದೇ ಮಾದರಿಯಲ್ಲಿ ಹುಡುಕುವ ಪಿಸಿಆರ್ ಪ್ಯಾನಲ್. ಅದರ ದರ ಕಾರ್ಡಿನ ದರದ ಹಲವು ಪಟ್ಟು. ಧಾರವಾಡದಲ್ಲಿರುವ ನನ್ನ ತಂಗಿಯ ಮೊಮ್ಮಗನಿಗೆ ಭೇದಿ ಹತ್ತಿದಾಗ ಮನೆಯವರು ಗಾಬರಿಯಲ್ಲಿ ಎರಡನ್ನೂ ಮಾಡಿಸಿದರು. ಜೀವಶಾಸ್ತ್ರ ಕಲಿಸಿ ನಿವೃತ್ತನಾದವನೆಂಬ ಕಾರಣಕ್ಕೆ ವರದಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಲ್ಯಾಬಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ತಕರಾರು ಅವರ ಪ್ಯಾನಲ್ ವರದಿ ಬರೆಯುವ ರೀತಿಯ ಬಗ್ಗೆ, ಕೆಲಸಗಾರರ ಬಗ್ಗೆ ಅಲ್ಲ.

ಕೆಲಸಗಾರರು ನಿಜಕ್ಕೂ ಚೊಕ್ಕ. ಮಾದರಿ ಒಯ್ಯಲು ಮನೆಗೆ ಬಂದ ಹುಡುಗ ಮೊದಲು ಹೇಳಿದ ಮಾತೇ ಇದು: “ಡೈಪರಿನ್ಯಾಗಿಂದ ತಗದು ಕೊಡಬ್ಯಾಡ್ರಿ ಅಕ್ಕಾರ, ನೀರೆಲ್ಲಾ ಅದ ಹೀರಿಕೊಂಡ್ಬಿಡತೈತಿ. ಒಳಗೊಂದು ಪ್ಲಾಸ್ಟಿಕ್ ಹಾಳಿ ಹಾಸ್ರಿ.” ವೈರಸ್ ಇರುವುದು ಆ ನೀರಿನಲ್ಲಿಯೇ ಆದ್ದರಿಂದ ಇದು ಸಣ್ಣ ಮಾತಲ್ಲ. ಡಬ್ಬಿಯ ಮೇಲೆ ಹೆಸರು, ವೇಳೆ ಬರೆದು, ಐಸ್ ಪ್ಯಾಕ್ ಇದ್ದ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದ.

ಕಾರ್ಡಿನ ಪರೀಕ್ಷೆ ಕೊಟ್ಟ ಹಣಕ್ಕೆ ತಕ್ಕುದಾಗಿದೆ. ಅದು ಯಾವುದನ್ನು ಹಿಡಿಯುತ್ತದೆ ಎಂಬುದನ್ನು ತಿಳಿದರೆ ಅದರ ಮೇಲೆ ಎಷ್ಟು ನಂಬಿಕೆ ಇಡಬೇಕೆಂಬುದೂ ತಿಳಿಯುತ್ತದೆ. ರೋಟಾವೈರಸ್ ಕಣಕ್ಕೆ ಮೂರು ಪದರಗಳಿವೆ: ಹೊರಗೆ ವಿಪಿ7 ಪ್ರೋಟೀನು ಹಾಗೂ ಅದರಿಂದ ಹೊರಚಾಚಿದ ವಿಪಿ4 ಮುಳ್ಳುಗಳು, ನಡುವೆ ವಿಪಿ6, ಒಳಗೆ ವಿಪಿ2. ಈ ಒಳಪದರದೊಳಗೆ 11 ತುಂಡುಗಳಾಗಿ ಹಂಚಿಕೊಂಡಿರುವ ಜೋಡಿ ಎಳೆಯ ಆರ್‌ಎನ್‌ಎ ಇರುತ್ತದೆ. ಹೊರಗಿನ ಎರಡು ಪ್ರೋಟೀನುಗಳು ತಳಿಯಿಂದ ತಳಿಗೆ ಬದಲಾಗುತ್ತವೆ. ಜಿ (ವಿಪಿ7) ಮತ್ತು ಪಿ (ವಿಪಿ4) ಎಂಬ ವರ್ಗೀಕರಣ ನಿಂತಿರುವುದೇ ಇವುಗಳ ಮೇಲೆ. ನಡುವಿನ ವಿಪಿ6 ಹಾಗಲ್ಲ. ಒಂದು ಕಣದಲ್ಲಿ ಅದರ 780 ಪ್ರತಿಗಳಿರುತ್ತವೆ, ಮಕ್ಕಳನ್ನು ಕಾಡುವ ಎ ಗುಂಪಿನ ತಳಿಗಳಲ್ಲೆಲ್ಲ ಅದು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಕಾರ್ಡಿನ ಪಟ್ಟಿಯ ಮೇಲೆ ಬಣ್ಣದ ಗೆರೆ ಮೂಡಿಸುವ ಪ್ರತಿಕಾಯಗಳು ಹಿಡಿಯುವುದು ಈ ವಿಪಿ6 ಅನ್ನೇ. ರೋಗ ಜೋರಾಗಿರುವಾಗ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಮಿಕ್ಕಿ ಕಣಗಳು ಇರಬಲ್ಲವಾದ್ದರಿಂದ ಮೊದಲ ದಿನಗಳಲ್ಲಿ ಕೊಟ್ಟ ಮಾದರಿಯಲ್ಲಿ ಗೆರೆ ತಪ್ಪುವುದು ಕಡಿಮೆ. ನಮ್ಮ ಕೂಸಿನ ಕಾರ್ಡಿನಲ್ಲಿ ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ನಿಯಂತ್ರಣದ ಗೆರೆ ಮಾತ್ರ ಮೂಡಿತ್ತು, ಅಂದರೆ ನೆಗೆಟಿವ್. ಅದರ ಚಿತ್ರವನ್ನೂ ಮೊಬೈಲಿಗೆ ಕಳಿಸಿದ್ದರು. ಈ ಪದ್ಧತಿ ನನಗೆ ಬಹಳ ಹಿಡಿಸಿತು.

ತೊಡಕು ಶುರುವಾದದ್ದು ಪ್ಯಾನಲ್‌ನಿಂದ. ಅದನ್ನು ಹುಬ್ಬಳ್ಳಿಯಲ್ಲಿ ಮಾಡುವುದಿಲ್ಲ, ಬೆಂಗಳೂರಿಗೆ ಕಳಿಸುತ್ತಾರೆ. ಇದನ್ನು ಹಣ ಕಟ್ಟುವಾಗ ಹೇಳಿರಲಿಲ್ಲ. ವರದಿ ಬರುವಷ್ಟರಲ್ಲಿ ಭೇದಿ ಇಳಿದಿತ್ತು. ವರದಿಯಲ್ಲಿ ವಾಂತಿ-ಭೇದಿ ತರುವ ಇನ್ನೊಂದು ವೈರಸ್ಸಾದ ನೊರೊವೈರಸ್ ಇದೆ ಎಂದಿತ್ತು, ಅದರ ಕೆಳಗೆ ರೋಟಾವೈರಸ್ ಎ ಕೂಡ ಇದೆ ಎಂದಿತ್ತು. ಪಿಸಿಆರ್‌ನ ಎಷ್ಟನೆಯ ಸುತ್ತಿನಲ್ಲಿ ಪತ್ತೆಯಾಯಿತು ಎಂಬ ಸಿಟಿ ಸಂಖ್ಯೆಯಾಗಲಿ (ವೈರಸ್ ಕಡಿಮೆ ಇದ್ದಷ್ಟೂ ಈ ಸಂಖ್ಯೆ ಹೆಚ್ಚು), ಒಂದು ಸಾಲಿನ ವಿವರಣೆಯಾಗಲಿ ಇರಲಿಲ್ಲ. ಕಾರ್ಡು ಇಲ್ಲ ಎಂದದ್ದನ್ನು ದುಬಾರಿ ಪರೀಕ್ಷೆ ಇದೆ ಎಂದದ್ದು ನೋಡಿ ಬಾಣಂತಿ ಕಂಗಾಲಾದಳು. ಲಸಿಕೆ ಹಾಕಿಸಿಯೂ ರೋಟಾ ಬಂತಲ್ಲ ಎಂಬುದೇ ಅವಳ ಚಿಂತೆ.

ಲಸಿಕೆ ಹಾಕಿಸಿದ್ದರಿಂದಲೇ ವರದಿಯಲ್ಲಿ ಹಾಗೆ ಬಂದಿರುವ ಸಾಧ್ಯತೆ ಹೆಚ್ಚು. ಕೂಸಿಗೆ ಹತ್ತನೆಯ ವಾರದ ರೋಟಾವ್ಯಾಕ್ ಹನಿ ಹಾಕಿ ಹೆಚ್ಚು ದಿನವಾಗಿರಲಿಲ್ಲ. ಅದು ಜೀವಂತ, ಸೌಮ್ಯ ವೈರಸ್. ಕರುಳಿನಲ್ಲಿ ಬೆಳೆದು ಕೆಲವು ಮಕ್ಕಳಲ್ಲಿ ಒಂದಿಷ್ಟು ಕಾಲ ಮಲದಲ್ಲಿ ಹೊರಬೀಳುತ್ತದೆ. ಪಿಸಿಆರ್ ಇರುವ ಅಲ್ಪಸ್ವಲ್ಪ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು ಸುತ್ತು ಸುತ್ತಿಗೂ ದುಪ್ಪಟ್ಟು ಮಾಡುತ್ತ ಹೋಗುವುದರಿಂದ ಕಾರ್ಡಿಗೆ ಕಾಣದಷ್ಟು ಕಡಿಮೆ ಇದ್ದರೂ ಪತ್ತೆಹಚ್ಚುತ್ತದೆ. ಆದರೆ ಸಿಕ್ಕದ್ದು ಲಸಿಕೆಯದೋ ಬೀದಿಯದೋ ಎಂದು ಈ ಪ್ಯಾನಲ್ ಹೇಳಲಾರದು. ಅದಕ್ಕೆ ಜಿ ಮತ್ತು ಪಿ ನಮೂನೆ ನೋಡಬೇಕು. ರೋಟಾವ್ಯಾಕ್‌ನ 116ಇ ತಳಿ ದೆಹಲಿಯ ನವಜಾತ ಶಿಶುವಿನಲ್ಲಿ ಸಿಕ್ಕದ್ದು, ಜಿ9ಪಿ[11] ನಮೂನೆಯದು. ಅದರ ವಿಪಿ4 ದನದ ರೋಟಾವೈರಸ್‌ನಿಂದ ಬಂದಿದೆ. ಎರಡು ವೈರಸ್‌ಗಳು ಒಂದೇ ಜೀವಕೋಶ ಹೊಕ್ಕಾಗ 11 ತುಂಡುಗಳು ಅದಲುಬದಲಾಗುವುದರಿಂದ ಇಂಥ ಬೆರಕೆ ಸಾಧ್ಯ. ದೊಡ್ಡ ಮಕ್ಕಳ ಭೇದಿಯಲ್ಲಿ ಸಾಮಾನ್ಯವಾಗಿ ಕಾಣುವುದು ಪಿ[8], ಪಿ[4], ಪಿ[6]. ಹನಿ ಹಾಕಿಸಿದ ದಿನಾಂಕವನ್ನು ಅರ್ಜಿಯಲ್ಲಿ ಕೇಳಿ, ವರದಿಯಲ್ಲಿ ಒಂದು ಸಾಲು ಬರೆದಿದ್ದರೆ ಆ ಗಾಬರಿಯೇ ಇರುತ್ತಿರಲಿಲ್ಲ. ಅರ್ಜಿಯಲ್ಲಿ ಆ ಕಾಲಮ್ಮೇ ಇಲ್ಲ.

ನೊರೊವೈರಸ್ ಸಿಕ್ಕದ್ದು ಪ್ಯಾನಲ್‌ನ ಹೆಚ್ಚುಗಾರಿಕೆ ಎಂದು ಒಪ್ಪುತ್ತೇನೆ. ಒಂಟಿ ಎಳೆಯ, ಸುಮಾರು 7,500 ಅಕ್ಷರಗಳಷ್ಟೇ ಉದ್ದದ ಆರ್‌ಎನ್‌ಎ ಇರುವ ಈ ವೈರಸ್‌ನ ಹೊರಕವಚ ತಳಿಯಿಂದ ತಳಿಗೆ ತೀರ ಬೇರೆಯಾಗುವುದರಿಂದ ಅದಕ್ಕೆ ನೆಚ್ಚಬಹುದಾದ ಕಾರ್ಡು ಮಾಡುವುದು ಕಷ್ಟ. ಆದರೆ ತಿಳಿದು ಮಾಡುವುದೇನು? ರೋಟಾ ಇರಲಿ, ನೊರೊ ಇರಲಿ, ವೈದ್ಯರು ಕೊಟ್ಟದ್ದು ಓಆರ್‌ಎಸ್, ಸತುವಿನ ಔಷಧಿ ಮತ್ತು ಎದೆಹಾಲು ಬಿಡಿಸಬೇಡಿ ಎಂಬ ಸೂಚನೆ. ರೋಟಾವೈರಸ್‌ನ ಎನ್‌ಎಸ್‌ಪಿ4 ಪ್ರೋಟೀನು ಕರುಳಿನ ಕೋಶಗಳೊಳಗೆ ಕ್ಯಾಲ್ಸಿಯಂ ಏರಿಸಿ ಕ್ಲೋರೈಡನ್ನೂ ಅದರ ಹಿಂದೆ ನೀರನ್ನೂ ಹೊರಹಾಕಿಸುತ್ತದೆ. ಆಗಲೂ ಸಕ್ಕರೆ-ಉಪ್ಪನ್ನು ಜೊತೆಯಾಗಿ ಒಳಗೆಳೆಯುವ ಬಾಗಿಲು ಬಹುಮಟ್ಟಿಗೆ ಕೆಲಸ ಮಾಡುತ್ತಿರುವುದರಿಂದಲೇ ಓಆರ್‌ಎಸ್ ನಾಟುತ್ತದೆ.

ಆದ್ದರಿಂದ ಈ ಲ್ಯಾಬಿನ ಕಾರ್ಡಿಗೆ ಐದರಲ್ಲಿ ನಾಲ್ಕು ಅಂಕ, ಮನೆಗೆ ಬಂದು ಮಾದರಿ ಒಯ್ಯುವ ಸೇವೆಗೆ ಪೂರ್ತಿ ಐದು, ಪ್ಯಾನಲ್‌ಗೆ ಎರಡು. ಭೇದಿ ಎರಡು ವಾರ ದಾಟಿದರೆ, ರಕ್ತ ಬಿದ್ದರೆ ಅಥವಾ ಮಗುವಿನ ರೋಗನಿರೋಧಕ ಶಕ್ತಿ ಕುಂದಿದ್ದರೆ ವೈದ್ಯರೇ ಪ್ಯಾನಲ್ ಬರೆದುಕೊಡುತ್ತಾರೆ. ಆಗ ಮಾಡಿಸಿ, ಲಸಿಕೆಯ ಕಾರ್ಡನ್ನು ಜೊತೆಗೆ ಒಯ್ಯಿರಿ, ಸಿಟಿ ಸಂಖ್ಯೆಯನ್ನು ಕೇಳಿ ಬರೆಸಿಕೊಳ್ಳಿ. ಉಳಿದಂತೆ ಕೂಸು ಮೂತ್ರ ಮಾಡುತ್ತಿದೆಯೇ, ಬಾಯಿ ಒಣಗಿದೆಯೇ, ನೆತ್ತಿ ಕುಗ್ಗಿದೆಯೇ ಎಂದು ನೋಡುತ್ತಿರಿ. ಇವುಗಳಲ್ಲಿ ಏರುಪೇರಾದರೆ ಲ್ಯಾಬಿನ ವರದಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು.