ಆಂತಿನೋರಿ ಮನೆತನದ ವೈನ್, ಗುಡ್ಡದೊಳಗಿನ ಪೀಪಾಯಿಗಳು

ಇಟಲಿಯ ಫ್ಲಾರೆನ್ಸಿನಿಂದ ಸಿಯೆನಾದ ದಾರಿ ಹಿಡಿದು ಅರ್ಧ ಗಂಟೆ ಹೋದರೆ ಬಾರ್ಜಿನೊ ಸಿಗುತ್ತದೆ. ಆಂತಿನೋರಿ ಮನೆತನದ ವೈನ್ ತಯಾರಿಕೆಯ ಕಟ್ಟಡ ಇರುವುದು ಅಲ್ಲಿಯೇ ಆದರೂ ರಸ್ತೆಯಿಂದ ಕಾಣುವುದು ಗುಡ್ಡಕ್ಕೆ ಅಡ್ಡಲಾಗಿ ಕುಡುಗೋಲಿನಿಂದ ಗೀರಿದಂತಿರುವ ಎರಡು ಗೆರೆಗಳು ಮಾತ್ರ. ವಾಸ್ತುಶಿಲ್ಪಿ ಮಾರ್ಕೊ ಕಾಸಾಮೊಂತಿ ವಿನ್ಯಾಸಗೊಳಿಸಿದ ಈ ಕಟ್ಟಡ 2012ರಲ್ಲಿ ಉದ್ಘಾಟನೆಯಾಯಿತು. ಇದರ ಚಾವಣಿಯೇ ದ್ರಾಕ್ಷಿ ತೋಟ. ಮೇಲಿನಿಂದ ಬಂದ ಹಣ್ಣು ತನ್ನ ಭಾರದಿಂದಲೇ ಕೆಳಗಿನ ತೊಟ್ಟಿಗಳಿಗೆ ಇಳಿಯುತ್ತದೆ. ಸುತ್ತಲಿನ ಮಣ್ಣೇ ಒಳಗೆ ತಂಪನ್ನು ಕಾಯುತ್ತದೆ.

ಪೀಪಾಯಿಗಳ ಕೋಣೆಯಲ್ಲಿ ನಾನು ಬಹಳ ಹೊತ್ತು ನಿಂತೆ. ಸುಟ್ಟ ಮಣ್ಣಿನ ಕೆಂಪು ಕಮಾನುಗಳು, ಅವುಗಳ ಕೆಳಗೆ ಮಬ್ಬು ಬೆಳಕಿನಲ್ಲಿ ಸಾಲಾಗಿ ಮಲಗಿದ ಓಕ್ ಪೀಪಾಯಿಗಳು, ಒದ್ದೆ ಮರದ ವಾಸನೆ. ಜೊತೆಗೆ ಬಂದವರು ತಾವಾಗಿಯೇ ಧ್ವನಿ ತಗ್ಗಿಸಿದರು.

ಈ ಮನೆತನದ ಜೋವಾನ್ನಿ ದಿ ಪಿಯೆರೊ 1385ರಲ್ಲಿ ಫ್ಲಾರೆನ್ಸಿನ ವೈನ್ ವರ್ತಕರ ಸಂಘವನ್ನು ಸೇರಿದ. ಅಲ್ಲಿಂದ ಇಲ್ಲಿಯವರೆಗೆ 26 ತಲೆಮಾರುಗಳು ಇದೇ ಕಸುಬಿನಲ್ಲಿವೆ. ಫ್ಲಾರೆನ್ಸಿನಲ್ಲಿ 1506ರಲ್ಲಿ ಕೊಂಡ ಅರಮನೆಯ ಗೋಡೆಯಲ್ಲಿ, ಬೀದಿಯವರಿಗೆ ನೇರವಾಗಿ ವೈನ್ ಮಾರಲು ಬಿಟ್ಟಿದ್ದ ಪುಟ್ಟ ಕಿಂಡಿ ಈಗಲೂ ಇದೆ. ಕಟ್ಟಡವನ್ನು ನೋಡಲು ಹೋಗುವವರು ಅದನ್ನೂ ನೋಡಿ ಬರಬೇಕು.

ಆದರೆ ನನ್ನ ಮೆಚ್ಚುಗೆ ಈ ಹಳಮೆಗಿಂತ ಹೆಚ್ಚಾಗಿ ಅವರು ತಿನ್ಯಾನೆಲ್ಲೊ ತೋಟದಲ್ಲಿ ತೋರಿದ ಧೈರ್ಯಕ್ಕೆ ಸಲ್ಲುತ್ತದೆ. ಸಮುದ್ರಮಟ್ಟದಿಂದ 350–400 ಮೀಟರ್ ಎತ್ತರದಲ್ಲಿರುವ 57 ಹೆಕ್ಟೇರಿನ ಸುಣ್ಣಕಲ್ಲಿನ ನೆಲವದು. 1970ರ ಫಸಲಿನ ವೈನ್ ಕಿಯಾಂತಿ ಎಂಬ ಪ್ರತಿಷ್ಠಿತ ಹೆಸರಿನಲ್ಲೇ ಬಂತು. ಆ ಹೆಸರು ಬೇಕೆಂದರೆ ಕೆಂಪು ವೈನಿಗೂ ಬಿಳಿ ದ್ರಾಕ್ಷಿ ಬೆರೆಸಲೇಬೇಕೆಂಬುದು ಆಗಿನ ನಿಯಮ. ಅದರಿಂದ ವೈನ್ ತೆಳುವಾಗುತ್ತದೆಂದು ಮನಗಂಡ ಪಿಯೆರೊ ಆಂತಿನೋರಿ ಮತ್ತು ವೈನ್ ತಜ್ಞ ಜಾಕೊಮೊ ತಾಕಿಸ್, 1971ರ ಫಸಲಿಗೆ ಕಿಯಾಂತಿ ಎಂಬ ಹೆಸರನ್ನೇ ಬಿಟ್ಟು, ಕಾನೂನಿನ ಲೆಕ್ಕದಲ್ಲಿ ಅತಿ ಕೆಳಗಿನದಾದ 'ಊಟದ ವೈನ್' ದರ್ಜೆಯಲ್ಲಿ ಬಾಟಲಿಯನ್ನು ಹೊರತಂದರು. 1975ರಿಂದ ಬಿಳಿ ದ್ರಾಕ್ಷಿ ಪೂರ್ತಿ ನಿಂತಿತು. 1982ರಿಂದ ಹೆಚ್ಚುಕಡಿಮೆ ಇದೇ ಪ್ರಮಾಣ: ಶೇ. 80ರಷ್ಟು ಸಾಂಜೊವೇಸೆ ಎಂಬ ಕೆಂಪು ದ್ರಾಕ್ಷಿ, ಉಳಿದದ್ದು ಕಾಬರ್ನೆ ಎಂಬ ಇನ್ನೊಂದು ಕೆಂಪು ದ್ರಾಕ್ಷಿಯ ಎರಡು ಬಗೆ. ಆರು ಶತಮಾನ ದುಡಿದು ಗಳಿಸಿದ ಮನೆತನವೊಂದು ರುಚಿಗಾಗಿ ಹೀಗೆ ಕೆಳದರ್ಜೆಯ ಚೀಟಿ ಅಂಟಿಸಿಕೊಂಡದ್ದು ಸಣ್ಣ ಮಾತಲ್ಲ.

ತೋಟದ ಹೆಸರನ್ನೇ ಹೊತ್ತ ಆ ತಿನ್ಯಾನೆಲ್ಲೊ ವೈನನ್ನು ಒಂದು ಲೋಟ ಕುಡಿದೆ. ಮೊದಲು ಹುಳಿ ಚೆರ್ರಿಯ ವಾಸನೆ, ಆಮೇಲೆ ನೇರಳೆ ಹಣ್ಣು ತಿಂದಾಗ ನಾಲಿಗೆಯನ್ನು ಹಿಡಿಯುವಂಥ ಒಗರು, ಕೊನೆಗೆ ಬಾಯಿ ಶುಚಿ ಮಾಡುವ ಹುಳಿ. ಬರಿದೇ ಕುಡಿಯುವುದಕ್ಕಿಂತ ಊಟದ ಜೊತೆಗೆ ಒಪ್ಪುವ ವೈನಿದು. ಬೆಲೆ ದುಬಾರಿ, ಹಾಗಾಗಿ ಬಾಟಲಿಯನ್ನೇ ಕೊಳ್ಳುವ ಮೊದಲು ಲೋಟದಲ್ಲಿ ರುಚಿ ನೋಡುವುದು ಒಳಿತು. ಭೇಟಿಗೆ ಮುಂಚಿತವಾಗಿಯೇ ಸಮಯ ಕಾಯ್ದಿರಿಸಬೇಕು.

2016ರಿಂದ ಪಿಯೆರೊ ಅವರ ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯರಾದ ಅಲ್ಬಿಯೆರಾ ಸಂಸ್ಥೆಯ ಅಧ್ಯಕ್ಷೆ. ಫಸಲು ಮನಸ್ಸಿಗೆ ಬಾರದ ವರ್ಷ ತಿನ್ಯಾನೆಲ್ಲೊ ತಯಾರಿಸದಿರುವುದು ಈ ಮನೆಯ ರೂಢಿ. 1984, 1992 ಮತ್ತು 2002ರ ಹೆಸರಿನಲ್ಲಿ ಒಂದು ಬಾಟಲಿಯೂ ಹೊರಬರಲಿಲ್ಲ.