ಎಸ್.ಪಿ. ರೋಡಿನ ಸಾಮಾನಿನಲ್ಲಿ ಫಿಶ್ ಟ್ಯಾಂಕಿಗೆ ಎಲ್‌ಇಡಿ ಲೈಟ್ ಕಟ್ಟಿದೆ: ಏನು ಚೆನ್ನಾಗಿತ್ತು, ಎಲ್ಲಿ ಹುಷಾರಾಗಿರಬೇಕು

ಮೊದಲೇ ಹೇಳಿಬಿಡುತ್ತೇನೆ. ಗಿಡ ಹಾಕಿದ ಫಿಶ್ ಟ್ಯಾಂಕಿಗೆ ಲೈಟನ್ನು ನೀವೇ ಕಟ್ಟಿಕೊಳ್ಳಬೇಕು ಅಂತಿದ್ದರೆ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್.ಪಿ. ರೋಡಿಗಿಂತ ಒಳ್ಳೆ ಜಾಗ ನನಗಂತೂ ಸಿಕ್ಕಿಲ್ಲ. ಆದರೆ ಡ್ರೈವರ್, ಅಂದರೆ ಗೋಡೆಯ ಕರೆಂಟನ್ನು ಎಲ್‌ಇಡಿಗೆ ಹೊಂದುವ ಹಾಗೆ ಮಾಡಿ ಕೊಡುವ ಸಣ್ಣ ಡಬ್ಬಿ, ಅದೊಂದನ್ನು ಮಾತ್ರ ಕಣ್ಣು ಮುಚ್ಚಿಕೊಂಡು ತರಬೇಡಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ, ಬೇರೆ ಏನು ಬಿಟ್ಟರೂ ಅದನ್ನು ಓದಿ.

ನಮ್ಮ ಮನೆಯದು ಎರಡಡಿ ಟ್ಯಾಂಕ್. ಅಗಲ ಒಂದಡಿ, ಎತ್ತರ ಒಂದಡಿ, ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಒಳಗೆ ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್, ಮರದ ತುಂಡಿಗೆ ದಾರದಲ್ಲಿ ಕಟ್ಟಿದ ಜಾವಾ ಫರ್ನ್ ಅನ್ನುವ ಗಿಡಗಳು, ಹನ್ನೆರಡು ನಿಯಾನ್ ಟೆಟ್ರಾ ಮೀನು. ಮೊದಲು ಮೇಲೆ ಟ್ಯೂಬ್‌ಲೈಟ್ ಇತ್ತು. ಅದು ಹೋದ ಮೇಲೆ ಸೀರಿಯಲ್ ಸೆಟ್ಟಿನ ಪಕ್ಕದಲ್ಲಿ ಸುರುಳಿ ಸುತ್ತಿ ಇಟ್ಟಿರುತ್ತಾರಲ್ಲ, ಆ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ ತಂದು ಮುಚ್ಚಳದ ಒಳಗೆ ಅಂಟಿಸಿದ್ದೆ. ಮೂರೇ ತಿಂಗಳು. ಟ್ಯಾಂಕಿನ ಆವಿ ತಾಗಿ ತಾಮ್ರ ಹಸಿರಾಯಿತು, ಅಲ್ಲಲ್ಲಿ ಮೂರು ಮೂರು ಎಲ್‌ಇಡಿ ಒಟ್ಟಿಗೆ ಆರಿಹೋದವು, ಕೊನೆಗೆ ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಗಮ್ ಬಿಟ್ಟು ಪಟ್ಟಿಯ ಒಂದು ತುದಿ ನೀರಿನೊಳಗೆ ಇಳಿಬಿದ್ದಿತ್ತು. ಸದ್ಯ, ಮೀನುಗಳಿಗೆ ಏನೂ ಆಗಿರಲಿಲ್ಲ. ಗಿಡದ ಟ್ಯಾಂಕಿಗೆ ಅಂತಲೇ ಬರುವ ರೆಡಿಮೇಡ್ ಲೈಟ್ ಕೇಳಿದೆ, ನಾಲ್ಕೂವರೆ ಸಾವಿರ ಅಂದರು. ಅಲ್ಲಿಗೆ ನಾನೇ ಕಟ್ಟುವುದು ಅಂತ ತೀರ್ಮಾನ ಮಾಡಿದೆ.

ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ಗಾಡಿಯಲ್ಲಿ ಹೋಗಬೇಡಿ, ನಿಲ್ಲಿಸೋಕೆ ಜಾಗ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಭಾನುವಾರ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ವಾರದ ದಿನ ಹನ್ನೊಂದು ಗಂಟೆ ಹೊತ್ತಿಗೆ ಹೋದರೆ ಅಂಗಡಿಯವರಿಗೂ ಮಾತಾಡೋಕೆ ಪುರುಸೊತ್ತು ಇರುತ್ತದೆ, ಈ ಕೆಲಸಕ್ಕೆ ಅದು ಬೇಕೇ ಬೇಕು.

ಬಿಡಿ ಎಲ್‌ಇಡಿ ಮಾರುವ ಅಂಗಡಿ ಒಂದು ಮೆಟ್ಟಿಲ ಕೆಳಗಿದೆ. ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು. ನಾನು ಹೋದವನೇ "ಮೂರು ವ್ಯಾಟಿಂದು ಇಪ್ಪತ್ತು ಕೊಡಿ" ಅಂದೆ. ಯಜಮಾನರು ಡಬ್ಬಿಗೆ ಕೈ ಹಾಕಲೇ ಇಲ್ಲ.

"ಯಾವುದಕ್ಕೆ ಸಾರ್?"

"ಫಿಶ್ ಟ್ಯಾಂಕಿಗೆ."

"ಎಷ್ಟು ಅಡಿ?"

"ಎರಡು."

"ಎರಡಡಿಗೆ ಇಪ್ಪತ್ತು ಯಾಕೆ ಸಾರ್? ಹತ್ತು ಸಾಕು. ಪಾಚಿ ಕಟ್ಟಿದ ಮೇಲೆ ಬಂದು ನನ್ನನ್ನ ಬೈತೀರ."

ಅವರು ಹೇಳಿದ್ದು ಸರಿ. ಇಂಥ ಎಲ್‌ಇಡಿ ಹತ್ತು ಹಾಕಿದರೆ ಹೆಚ್ಚೂಕಡಿಮೆ 1,500 ಲೂಮೆನ್ (ಬೆಳಕಿನ ಅಳತೆ) ಬರುತ್ತದೆ. ನನ್ನ 55 ಲೀಟರಿಗೆ ಲೆಕ್ಕ ಹಾಕಿದರೆ ಲೀಟರಿಗೆ 27. ಜಾವಾ ಫರ್ನ್, ಕ್ರಿಪ್ಟೊಕೊರೈನ್ ಥರದ ಗಿಡಗಳಿಗೆ ಇಷ್ಟು ಧಾರಾಳ. ಗಿಡಕ್ಕೆ ಅಂತ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಡದ ಟ್ಯಾಂಕಿಗೆ ಇದರ ಎರಡರಷ್ಟು ಬೆಳಕು ಕೊಟ್ಟರೆ ಗಿಡಕ್ಕಿಂತ ಮುಂಚೆ ಪಾಚಿ ಬೆಳೆಯುತ್ತದೆ. ಇಪ್ಪತ್ತು ಮಾರಿ ದುಡ್ಡು ಎಣಿಸಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ ಅನ್ನುವ ಒಂದೇ ಕಾರಣಕ್ಕೆ ನಾನು ಮತ್ತೆ ಅಲ್ಲಿಗೇ ಹೋಗುತ್ತೇನೆ.

ಆಮೇಲೆ ಅವರು ಆರಿಸಿದ ರೀತಿ ನೋಡಬೇಕಿತ್ತು. ಎರಡು ಪೆನ್ಸಿಲ್ ಸೆಲ್ ಇಟ್ಟ ಒಂದು ಪ್ಲಾಸ್ಟಿಕ್ ಹೋಲ್ಡರ್, ಅದರಿಂದ ಎರಡು ತಂತಿ. ನಕ್ಷತ್ರದ ಆಕಾರದ ಸಣ್ಣ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಎಲ್‌ಇಡಿ ಕೂತಿರುತ್ತದೆ, ಅದರ ಪ್ಲಸ್ಸಿಗೆ ಒಂದು ತಂತಿ, ಮೈನಸ್ಸಿಗೆ ಒಂದು ಮುಟ್ಟಿಸುತ್ತಾರೆ. ಮೂರು ವೋಲ್ಟಿಗೆ ಅದು ಪೂರ್ತಿ ಉರಿಯುವುದಿಲ್ಲ, ಮಂಕಾಗಿ ಮಿಣುಕುತ್ತದೆ. ಆ ಮಂಕು ಬೆಳಕಿನಲ್ಲೇ ಬಣ್ಣದ ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದು. ಒಂದೊಂದನ್ನೇ ಅಂಗೈಯ ನೆರಳಿನಲ್ಲಿ ಹಿಡಿದು ನೋಡಿದರು, ಎರಡು ಸ್ವಲ್ಪ ನೀಲಿಗೆ ತಿರುಗಿದ್ದವು, ಪಕ್ಕಕ್ಕೆ ತಳ್ಳಿ ಬೇರೆ ತೆಗೆದರು. ಬೆಳಕಿನ ಬಣ್ಣ ಎಲ್ಲ 6500 ಕೆಲ್ವಿನ್ ಅಂತಲೇ ಬರೆದಿರುತ್ತದೆ, ಆದರೂ ಹೀಗೆ ಆರಿಸಿಕೊಳ್ಳದಿದ್ದರೆ ಟ್ಯಾಂಕಿನ ಒಂದು ಮೂಲೆ ಹಾಲಿನ ಬಣ್ಣ, ಇನ್ನೊಂದು ಮೂಲೆ ನೀಲಿ ಆಗಿಬಿಡುತ್ತದೆ.

ಕೊನೆಗೆ ತಂದಿದ್ದು ಎಂಟು ಬಿಳಿ, 660 ನ್ಯಾನೊಮೀಟರ್ ತರಂಗಾಂತರದ ಎರಡು ಗಾಢ ಕೆಂಪು. ಕೆಂಪು ಯಾಕೆ ಅಂದರೆ, ಬಿಳಿ ಎಲ್‌ಇಡಿ ಅನ್ನುವುದು ನಿಜವಾಗಿ ನೀಲಿ ಎಲ್‌ಇಡಿ, ಮೇಲೆ ಹಳದಿ ಫಾಸ್ಫರ್ ಬಳಿದಿರುತ್ತಾರೆ. ಆ ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೇ 2014ರಲ್ಲಿ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ಹೀಗೆ ಹುಟ್ಟುವ ಬಿಳಿಯಲ್ಲಿ ಗಾಢ ಕೆಂಪು ತೀರಾ ಕಡಿಮೆ. ಗಿಡಕ್ಕೆ ನೀಲಿಯ ಜೊತೆ ಕೆಂಪೂ ಬೇಕು. ನೋಡುವ ನಮಗೂ ಬೇಕು: ಬರೀ ಬಿಳಿ ಹಾಕಿ ನೋಡಿದಾಗ ನಿಯಾನ್ ಟೆಟ್ರಾದ ಕೆಂಪು ಪಟ್ಟೆ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿತ್ತು, ಎರಡು ಕೆಂಪು ಸೇರಿಸಿದ ಮೇಲೆ ದಾಳಿಂಬೆ ಕಾಳಿನ ಹಾಗಾಯಿತು.

ಎಲ್‌ಇಡಿಯ ಬಿಸಿ ಎಳೆದುಕೊಳ್ಳುವ ಲೋಹದ ಪಟ್ಟಿ, ಅಂದರೆ ಹೀಟ್ ಸಿಂಕ್, ಸಿಕ್ಕಿದ್ದು ಹಳೇ ಯುಪಿಎಸ್, ಆಂಪ್ಲಿಫೈಯರ್ ಬಿಚ್ಚಿ ಮಾರುವವರ ಹತ್ತಿರ, ತೂಕದ ಲೆಕ್ಕದಲ್ಲಿ. ಇದರಲ್ಲಿ ಜಿಪುಣತನ ಮಾಡಬೇಡಿ. ಎಲ್‌ಇಡಿ ತಣ್ಣಗಿರುತ್ತದೆ ಅನ್ನುವ ಮಾತು ಬೆಳಕಿನ ಮಟ್ಟಿಗೆ ಸರಿ, ಹಿಂಭಾಗಕ್ಕೆ ಅಲ್ಲ. ಒಳಗೆ ಹೋಗುವ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಯಾಗಿಯೇ ಹೊರಗೆ ಬರುತ್ತದೆ. ಆ ಬಿಸಿ ಹೋಗೋಕೆ ದಾರಿ ಇಲ್ಲದಿದ್ದರೆ ಎಲ್‌ಇಡಿ ದಿನದಿಂದ ದಿನಕ್ಕೆ ಮಂಕಾಗುತ್ತಾ ಬರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ನಾನು ಇಟ್ಟುಕೊಂಡ ಲೆಕ್ಕ ಇಷ್ಟೇ: ಎರಡು ಗಂಟೆ ಉರಿದ ಮೇಲೆ ಹೀಟ್ ಸಿಂಕಿನ ಮೇಲೆ ಕೈ ಇಟ್ಟು ಹತ್ತು ಎಣಿಸೋಕೆ ಆಗಬೇಕು.

ಈಗ ಡ್ರೈವರ್ ವಿಷಯ.

ಮೊದಲ ಸಲ ಬೇರೊಂದು ಅಂಗಡಿಯಲ್ಲಿ ತಂದೆ, 90 ರೂಪಾಯಿ. "ಐಸೊಲೇಟೆಡ್ ತಾನೆ?" ಅಂತ, ಅಂದರೆ ಗೋಡೆಯ ಕರೆಂಟಿಗೂ ಎಲ್‌ಇಡಿಗೂ ನೇರ ಸಂಪರ್ಕ ಇಲ್ಲದ್ದು ತಾನೆ ಅಂತ, ಕೇಳಿಯೇ ತಂದಿದ್ದು. "ಹೂಂ ಸಾರ್, ಎಲ್ಲ ಐಸೊಲೇಟೆಡ್ಡೇ" ಅಂದರು. ಮನೆಗೆ ಬಂದು ಮುಚ್ಚಳ ತೆಗೆದು ನೋಡಿದರೆ ಒಳಗೆ ಟ್ರಾನ್ಸ್‌ಫಾರ್ಮರೇ ಇಲ್ಲ, ಎರಡು ಕಾಲಿನ ಒಂದು ಸಣ್ಣ ಕಾಯಿಲ್ ಇದೆ ಅಷ್ಟೇ. ಅಂದರೆ ಗೋಡೆಯ 230 ವೋಲ್ಟಿಗೂ ಎಲ್‌ಇಡಿ ತಂತಿಗೂ ನಡುವೆ ಅಡ್ಡ ಅಂತ ಏನೂ ಇಲ್ಲ. ಕೈಗೆ ಸಿಗದ ಹಾಗೆ ಬಲ್ಬಿನ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಟ್ಟಾಗ ಅದು ನಡೆಯುತ್ತದೆ. ನೀರಿನ ಮೇಲೆ ತೂಗುವ ಲೋಹದ ಪಟ್ಟಿಗೆ ಅದನ್ನು ಜೋಡಿಸಿ, ಮೀನಿಗೆ ಆಹಾರ ಹಾಕೋಕೆ ಅಂತ ಮಗಳು ಒದ್ದೆ ಕೈಯಲ್ಲಿ ಆ ಪಟ್ಟಿ ಹಿಡಿದರೆ? ನನಗೆ ನಿಜವಾಗಲೂ ಸಿಟ್ಟು ಬಂತು. ಮರುದಿನ ತೆಗೆದುಕೊಂಡು ಹೋದರೆ ವಾಪಸ್ಸೂ ತೆಗೆದುಕೊಳ್ಳಲಿಲ್ಲ.

ಹಾಗಾಗಿ ಅಂಗಡಿಯಲ್ಲೇ ಮುಚ್ಚಳ ತೆಗೆಸಿ ನೋಡಿ. ಹಳದಿ ಟೇಪು ಸುತ್ತಿದ ಟ್ರಾನ್ಸ್‌ಫಾರ್ಮರ್ ಇರಬೇಕು. ಬೋರ್ಡು ತಿರುಗಿಸಿದರೆ ಕರೆಂಟು ಬರುವ ಕಡೆಗೂ ಎಲ್‌ಇಡಿ ಕಡೆಗೂ ನಡುವೆ ತಾಮ್ರವೇ ಇಲ್ಲದ ಅಗಲವಾದ ಗೆರೆಯೊಂದು ಕಾಣಬೇಕು. ತೆಗೆಯೋಕೆ ಬಿಡದಿದ್ದರೆ ಮುಂದಿನ ಅಂಗಡಿಗೆ ಹೋಗಿ, ಅಲ್ಲಿ ಅಂಗಡಿಗಳಿಗೇನು ಕಡಿಮೆಯೇ. ಎರಡನೆಯ ಸಲ ನನಗೆ ಸಿಕ್ಕಿದ್ದು 600 ಮಿಲಿಆಂಪಿನದು, 280 ರೂಪಾಯಿ. ಎಂಟು ಬಿಳಿ, ಎರಡು ಕೆಂಪು ಸಾಲಾಗಿ ಜೋಡಿಸಿದರೆ ಒಟ್ಟು 31 ವೋಲ್ಟ್ ಆಗುತ್ತದೆ, ಅಂದರೆ ಉರಿಯುವುದು ಹತ್ತೊಂಬತ್ತು ವ್ಯಾಟಿನ ಒಳಗೆ. ಮೂರು ವ್ಯಾಟಿನದು ಹತ್ತು ಹಾಕಿದರೆ ಮೂವತ್ತು ಅಂತ ಲೆಕ್ಕ ಹಾಕಬೇಡಿ. 700 ಮಿಲಿಆಂಪ್ ಕೊಟ್ಟರೂ ಬಿಳಿಯದು ಎರಡೂಕಾಲು ವ್ಯಾಟಿನ ಆಸುಪಾಸಿನಲ್ಲೇ ಇರುತ್ತದೆ.

ಜೋಡಿಸುವ ಕೆಲಸ ಒಂದು ಶನಿವಾರ ಮಧ್ಯಾಹ್ನದ್ದು. ಹೀಟ್ ಸಿಂಕಿಗೆ ತೂತು ಕೊರೆದು, ಬಿಲ್ಲೆಯ ಹಿಂದೆ ಬಿಸಿ ದಾಟಿಸುವ ಪೇಸ್ಟ್ ತೆಳ್ಳಗೆ ಸವರಿ, 3 ಎಂಎಂ ಸ್ಕ್ರೂ ಹಾಕಿ, ಸೋಲ್ಡರ್ ಮಾಡಿದೆ. ಪೇಸ್ಟ್ ಜಾಸ್ತಿ ಹಾಕಿದರೆ ಬಿಸಿ ದಾಟುವುದು ಕಷ್ಟವಾಗುತ್ತದೆ. ಕರೆಂಟು ಕೊಡುವ ಮುಂಚೆ ಎಲ್‌ಇಡಿಯ ಕಾಲಿಗೂ ಹೀಟ್ ಸಿಂಕಿಗೂ ಎಲ್ಲಾದರೂ ತಾಗಿದೆಯಾ ಅಂತ ಮಲ್ಟಿಮೀಟರಿನಲ್ಲಿ ಬೀಪ್ ನೋಡಿ. ಡ್ರೈವರ್ ಆನ್ ಇರುವಾಗ ಎಲ್‌ಇಡಿ ತಂತಿಯನ್ನು ತಂದು ಮುಟ್ಟಿಸಲೇಬೇಡಿ. ಎಲ್‌ಇಡಿ ಇಲ್ಲದಾಗ ಅದರ ವೋಲ್ಟೇಜ್ ಮೇಲಕ್ಕೆ ಹೋಗಿ ಕೂತಿರುತ್ತದೆ, ಮುಟ್ಟಿಸಿದ ಕ್ಷಣವೇ ಹತ್ತೂ ಸುಟ್ಟುಹೋಗಬಹುದು. ಅರ್ತಿಂಗ್ ತಂತಿಯನ್ನು ಹೀಟ್ ಸಿಂಕಿಗೆ ಸ್ಕ್ರೂ ಹಾಕಿ ಬಿಗಿದಿದ್ದೇನೆ. ಮನೆಯಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಇದೆ. ತಂತಿ ಸಾಕೆಟ್ಟಿಗಿಂತ ಕೆಳಗೆ ಒಂದು ಸುತ್ತು ಇಳಿದು ಮೇಲೆ ಹೋಗುತ್ತದೆ, ನೀರು ತಂತಿಯ ಗುಂಟ ಹರಿದರೂ ಅಲ್ಲೇ ತೊಟ್ಟಿಕ್ಕಿಬಿಡಲಿ ಅಂತ. ಕೆಳಗೆ ಅಕ್ರಿಲಿಕ್ ಹಾಳೆ ಕೂರಿಸಿದ್ದರಿಂದ ಆವಿ ಎಲ್‌ಇಡಿಗೆ ತಾಗುವುದಿಲ್ಲ. ಆ ಹಾಳೆಯ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕಲೆ ಕಟ್ಟುತ್ತದೆ, ಹದಿನೈದು ದಿನಕ್ಕೊಮ್ಮೆ ನಿಂಬೆ ಸಿಪ್ಪೆಯಲ್ಲಿ ಉಜ್ಜಿ ಒರೆಸಿದರೆ ಹೋಗುತ್ತದೆ.

ಟೈಮರ್ ತರುವಾಗ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ತನ್ನಿ. ತಿರುಗುವ ಚಕ್ರದ್ದು ಕರೆಂಟು ಹೋದಾಗಲೆಲ್ಲ ನಿಂತುಬಿಡುತ್ತದೆ. ನಮ್ಮ ಏರಿಯಾದಲ್ಲಿ ಮಳೆಗಾಲದ ಒಂದು ವಾರ ಕಳೆದರೆ ಸಂಜೆ ಏಳಕ್ಕೆ ಆರಬೇಕಾದ ಲೈಟು ರಾತ್ರಿ ಹತ್ತಕ್ಕೆ ಆರುತ್ತದೆ.

ಖರ್ಚು: ಎಲ್‌ಇಡಿಗೆ 360, ಹೀಟ್ ಸಿಂಕಿಗೆ 200, ಡ್ರೈವರಿಗೆ 280, ಪೇಸ್ಟ್ 50, ಸ್ಕ್ರೂ ತಂತಿ ಎಲ್ಲ ಸೇರಿ 80, ಅಕ್ರಿಲಿಕ್ 150, ಟೈಮರಿಗೆ 450. ಒಟ್ಟು 1,570 ರೂಪಾಯಿ. ಬಿಸಾಡಿದ ಆ 90 ಬೇರೆ.

ಮೊದಲ ವಾರ ಖುಷಿಗೆ ದಿನಕ್ಕೆ ಹತ್ತು ಗಂಟೆ ಉರಿಸಿದೆ. ಎಂಟನೆಯ ದಿನಕ್ಕೆ ಮುಂದಿನ ಗಾಜಿನ ಮೇಲೆ ಹಸಿರು ಪುಡಿ ಉದುರಿಸಿದ ಹಾಗೆ ಪಾಚಿ ಬಂತು. ಲೈಟನ್ನು ನೀರಿನಿಂದ ಆರು ಇಂಚು ಮೇಲಕ್ಕೆ ಏರಿಸಿ, ಉರಿಸುವುದನ್ನು ದಿನಕ್ಕೆ ಆರು ಗಂಟೆಯಷ್ಟಕ್ಕೆ ಇಳಿಸಿದೆ. ಅಲ್ಲಿಂದ ಹಿಡಿತಕ್ಕೆ ಬಂತು. ಈಗ ಐದು ತಿಂಗಳಾಯಿತು, ಒಂದು ಎಲ್‌ಇಡಿಯೂ ಹೋಗಿಲ್ಲ. ಗೆಣ್ಣುದ್ದ ಇದ್ದ ಕ್ರಿಪ್ಟೊಕೊರೈನ್ ಬೆರಳುದ್ದ ಆಗಿದೆ. ವ್ಯಾಲಿಸ್ನೇರಿಯಾ ನೀರಿನ ಮೇಲ್ಮೈ ಮುಟ್ಟಿ ಮಡಚಿಕೊಂಡು ಹರಡಿದೆ.

ಟ್ಯೂಬ್‌ಲೈಟ್ ಇದ್ದಾಗ ಎಂದೂ ಕಾಣದ ಒಂದು ವಿಷಯ ಈಗ ಕಾಣುತ್ತದೆ. ಎಲ್‌ಇಡಿ ಬೆಳಕು ಚುಕ್ಕಿಯಿಂದ ಬರುವುದರಿಂದ ನೀರಿನ ಅಲೆ ತಳದ ಮರಳಿನ ಮೇಲೆ ಬಲೆ ಬೀಸಿದ ಹಾಗೆ ಬಿದ್ದು ಅಲ್ಲಾಡುತ್ತಿರುತ್ತದೆ, ಊರಿನ ಬಾವಿಗೆ ನಡುಮಧ್ಯಾಹ್ನ ಬಗ್ಗಿ ನೋಡಿದರೆ ಕಾಣುತ್ತಲ್ವಾ, ಹಾಗೆ. ನೀರು ಬದಲಾಯಿಸಿದ ದಿನ ಸಂಜೆ ಎಲೆಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕೂರುತ್ತವೆ. ಒಂದು ಬಿಟ್ಟುಕೊಂಡು ಮೇಲೆ ಹೋಗುತ್ತದೆ, ಅದೇ ಜಾಗದಲ್ಲಿ ಇನ್ನೊಂದು ಮೂಡುತ್ತದೆ. ಮಗಳು ಹೋಮ್‌ವರ್ಕ್ ಬಿಟ್ಟು ಅದನ್ನೇ ಎಣಿಸುತ್ತಾ ಕೂರುತ್ತಾಳೆ.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಡ್ರೈವರ್ ಅಂಗಡಿಗಾಗಿ, ಅದೊಂದು ಇಲ್ಲದಿದ್ದರೆ ಐದೂ ಕೊಡುತ್ತಿದ್ದೆ. ಚಿಕ್ಕಮ್ಮ ಬಂದು ನೋಡಿ ತಮ್ಮ ಮೂರಡಿ ಟ್ಯಾಂಕಿಗೂ ಬೇಕು ಅಂದಿದ್ದಾರೆ. ಏಳೇಳರ ಎರಡು ಸಾಲು, ಸಾಲಿಗೊಂದು ಡ್ರೈವರ್ ಅಂತ ಪಟ್ಟಿ ಬರೆದಾಗಿದೆ. ಬರುವ ಶನಿವಾರ ಹನ್ನೊಂದಕ್ಕೆ ಮತ್ತೆ ಆ ಮೆಟ್ಟಿಲ ಕೆಳಗಿನ ಅಂಗಡಿಗೆ ಹೋಗುತ್ತೇನೆ.